ಬಳ್ಳಾರಿಯಲ್ಲಿ ‘ಲಕ್ಸುರಿ’ ಫ್ಲ್ಯಾಟ್: ಹೆಚ್ಚಿನ ಬಾಡಿಗೆ ಯಾವುದಕ್ಕೆ ಕೊಡಬೇಕು?

ಪ್ರಶ್ನೆ: ನಾವು ಧಾರವಾಡದಿಂದ ಬಳ್ಳಾರಿಗೆ ಬರುತ್ತಿದ್ದೇವೆ. ನಮ್ಮ ಯಜಮಾನರಿಗೆ ತೋರಣಗಲ್ಲಿನಲ್ಲಿ ಕೆಲಸ, ನನಗೆ ಬಳ್ಳಾರಿಯಲ್ಲೇ ಬ್ಯಾಂಕಿನಲ್ಲಿ. ಇಬ್ಬರು ಮಕ್ಕಳು, ಮೊಣಕಾಲು ನೋವಿರುವ ಅತ್ತೆ ಜೊತೆಗಿದ್ದಾರೆ. ಎರಡು ಮನೆ ನೋಡಿದ್ದೇವೆ. ಒಂದು ಹೊಸಪೇಟೆ ರಸ್ತೆ ಕಡೆ ಹೊಸ ಅಪಾರ್ಟ್‌ಮೆಂಟಿನ ಐದನೆಯ, ಅಂದರೆ ಕೊನೆಯ ಮಹಡಿ. 1,850 ಚದರಡಿ, ಇಟಾಲಿಯನ್ ಮಾರ್ಬಲ್, ಎಸಿ, ಮಾಡ್ಯುಲರ್ ಅಡುಗೆಮನೆ, ಜಿಮ್, ಪಶ್ಚಿಮಕ್ಕೆ ದೊಡ್ಡ ಬಾಲ್ಕನಿ. ಬಾಡಿಗೆ 38,000 ರೂಪಾಯಿ. ಇನ್ನೊಂದು ಗಾಂಧಿನಗರದ ಕಡೆ ಹಳೆಯ ಕಟ್ಟಡ, ಎರಡನೆಯ ಮಹಡಿ, ಲಿಫ್ಟ್ ಇಲ್ಲ, 1,450 ಚದರಡಿ, 24,000 ರೂಪಾಯಿ. ಮೊದಲನೆಯದನ್ನು ಲಕ್ಸುರಿ ಎನ್ನುತ್ತಿದ್ದಾರೆ. ಅದು ನಿಜಕ್ಕೂ ಲಕ್ಸುರಿಯೇ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ?

ಉತ್ತರ: ಲಕ್ಸುರಿ ಎಂದು ಬೋರ್ಡು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸುವ ಜಾಗ, ಯಾವುದೆಂದು ಮನೆ-ನಿವೇಶನ ವ್ಯವಹಾರ ನಿಯಂತ್ರಿಸುವ ರೇರಾ ಕಾಯ್ದೆ ಹೇಳುತ್ತದೆ. ಕೈಗೆಟಕುವ ಮನೆ ಯಾವುದೆಂದು ಜಿಎಸ್‌ಟಿ ನಿಯಮ ಹೇಳುತ್ತದೆ: ಮಹಾನಗರಗಳ ಹೊರಗಾದರೆ 90 ಚದರ ಮೀಟರ್ ಕಾರ್ಪೆಟ್ ಏರಿಯಾ, 45 ಲಕ್ಷ ರೂಪಾಯಿ ಮೀರದ್ದು. ಲಕ್ಸುರಿಗೆ ಅಂಥ ಅಳತೆಗೋಲು ಇಲ್ಲ. ಹಾಗಾಗಿ ಅಳೆಯುವ ಕೆಲಸ ನಿಮ್ಮದೇ.

ಅಳೆಯುವಾಗ ಒಂದೇ ಸೂತ್ರ ಹಿಡಿದುಕೊಳ್ಳಿ. ಅಂಗಡಿಯಿಂದ ತಂದು ಕೂಡಿಸಬಹುದಾದ ವಸ್ತುವಿಗೆ ತಿಂಗಳಾ ತಿಂಗಳಾ ಹೆಚ್ಚಿನ ಬಾಡಿಗೆ ಕೊಡಬೇಡಿ. ಬಾಡಿಗೆದಾರರು ಏನು ಮಾಡಿದರೂ ಬದಲಿಸಲಾಗದ್ದಕ್ಕೆ ಕೊಡಿ. ಎಸಿ, ತೂಗುದೀಪ, ಚಿಮಣಿ, ವಾರ್ಡ್‌ರೋಬು ತರಬಹುದು. ಸಂಪಿನ ಗಾತ್ರ, ಜನರೇಟರಿನ ಶಕ್ತಿ, ಗೋಡೆ ಯಾವ ದಿಕ್ಕಿಗಿದೆ, ತಲೆಯ ಮೇಲೆ ಬಿಸಿಲು ಕಾಯುವ ಮಾಳಿಗೆ ಇದೆಯೋ ಇಲ್ಲವೋ, ಲಿಫ್ಟ್ ಎಷ್ಟು, ಇವು ಯಾವುವೂ ನಿಮ್ಮ ಕೈಯಲ್ಲಿಲ್ಲ. ಬಳ್ಳಾರಿಯಂಥ ಊರಿನಲ್ಲಿ ಸುಖವನ್ನು ತೀರ್ಮಾನಿಸುವುದು ಇವೇ.

ನೀರಿನಿಂದ ಶುರುಮಾಡೋಣ, ಏಕೆಂದರೆ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಅದೇ. ನಗರಕ್ಕೆ ಬರುವುದು ತುಂಗಭದ್ರಾ ಕಾಲುವೆಯ ನೀರು. ಅದನ್ನು ಅಲ್ಲೀಪುರದಂಥ ಕೆರೆಗಳಲ್ಲಿ ತುಂಬಿಟ್ಟುಕೊಂಡು ಬಡಾವಣೆಗೆ ಸರದಿಯ ಮೇಲೆ ಬಿಡುತ್ತಾರೆ. ನಲ್ಲಿ ನೀರು ದಿನಾ ಬರುತ್ತದೆಂದು ಲೆಕ್ಕ ಹಾಕಬೇಡಿ. ಆ ಬೀದಿಗೆ ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ವಾಚ್‌ಮನ್‌ನನ್ನೂ ಎದುರಿನ ಕಿರಾಣಿ ಅಂಗಡಿಯವರನ್ನೂ ಕೇಳಿ. ಇಬ್ಬರೂ ಹೇಳಿದ್ದು ಹೊಂದಿದರೆ ನಂಬಬಹುದು.

ಈಗ ಸಂಪಿನ ಲೆಕ್ಕ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಗರ ನೀರು ಪೂರೈಕೆಯಲ್ಲಿ ಹಿಡಿಯುವ ಪ್ರಮಾಣ. ಐದು ಜನರ ನಿಮ್ಮ ಮನೆಗೆ 675 ಲೀಟರ್ ಬೇಕು. ಇಪ್ಪತ್ತು ಮನೆಗಳ ಕಟ್ಟಡದಲ್ಲಿ ಮನೆಗೆ ನಾಲ್ಕು ಜನರಂತೆ ಹಿಡಿದರೂ ದಿನಕ್ಕೆ 10,800 ಲೀಟರ್. ಐದು ದಿನಕ್ಕೊಮ್ಮೆ ನೀರು ಬಿಟ್ಟರೆ ಒಮ್ಮೆಗೆ 54,000 ಲೀಟರ್ ಹಿಡಿದಿಡುವ ಜಾಗ ಇರಬೇಕು. ಸಂಪಿನ ಉದ್ದ, ಅಗಲ, ನೀರು ನಿಲ್ಲುವ ಆಳ ಅಡಿಗಳಲ್ಲಿ ಕೇಳಿ, ಮೂರನ್ನೂ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 12 ಅಡಿ ಉದ್ದ, 10 ಅಡಿ ಅಗಲ, 7 ಅಡಿ ಆಳದ ಸಂಪು ನೋಡಲು ದೊಡ್ಡದೇ. ಹಿಡಿಯುವುದು ಸುಮಾರು 23,800 ಲೀಟರ್ ಮಾತ್ರ. ಆ ಇಪ್ಪತ್ತು ಮನೆಗೆ ಅದು ಎರಡು ದಿನ ದಾಟಿ ಮೂರನೆಯ ದಿನಕ್ಕೆ ಬರುವಷ್ಟರಲ್ಲಿ ಖಾಲಿ. ಉಳಿದ ದಿನಗಳಿಗೆ ಬೋರ್ ನೀರು, ಇಲ್ಲವೇ ಟ್ಯಾಂಕರು. ಟ್ಯಾಂಕರಿನ ಖರ್ಚು ಮೇಂಟೆನೆನ್ಸ್‌ನಲ್ಲಿ ಸೇರಿದೆಯೋ ಬೇರೆ ವಸೂಲಿಯೋ ಎಂಬುದನ್ನು ಬಾಡಿಗೆ ಮಾತಾಡುವ ಮುಂಚೆಯೇ ಕೇಳಿ.

ಬೋರ್ ನೀರಿದ್ದರೆ ಇನ್ನೊಂದು ಪ್ರಶ್ನೆ: ಅದನ್ನೂ ಹೊಳೆ ನೀರನ್ನೂ ಒಂದೇ ಸಂಪಿಗೆ ಬಿಡುತ್ತಾರೋ, ಬೇರೆಬೇರೆಯೋ? ಒಳ್ಳೆಯ ಕಟ್ಟಡದಲ್ಲಿ ಸಂಪು ಎರಡು, ಮೇಲಿನ ಟ್ಯಾಂಕು ಎರಡು, ಪೈಪೂ ಎರಡು ಇರುತ್ತವೆ. ಅಡುಗೆಮನೆಗೂ ಸ್ನಾನಕ್ಕೂ ಸಿಹಿ ನೀರು, ಫ್ಲಶ್ಶಿಗೂ ಗಿಡಗಳಿಗೂ ಬೋರ್ ನೀರು. ಈ ಎರಡು ಪೈಪಿನ ವ್ಯವಸ್ಥೆ ಕಟ್ಟುವಾಗಲೇ ಆಗಬೇಕು, ಆಮೇಲೆ ಹಾಕಲು ಗೋಡೆ ಒಡೆಯಬೇಕು. ನನ್ನ ಪ್ರಕಾರ ಬಳ್ಳಾರಿಯಲ್ಲಿ ಒಂದು ಕಟ್ಟಡವನ್ನು ಲಕ್ಸುರಿ ಎನ್ನಲು ಮಾರ್ಬಲ್‌ಗಿಂತ ಇದೇ ದೊಡ್ಡ ಕಾರಣ.

ಪರೀಕ್ಷೆ ಕಷ್ಟವಿಲ್ಲ. ನೀರಿನಲ್ಲಿ ಕರಗಿದ ಲವಣಾಂಶ (ಟಿಡಿಎಸ್) ಅಳೆಯುವ, ಕೆಲವು ನೂರು ರೂಪಾಯಿಗೆ ಸಿಗುವ ಮೀಟರನ್ನು ಅಡುಗೆಮನೆಯ ನಲ್ಲಿಯ ನೀರಿಗೂ ಬಚ್ಚಲಿನ ನೀರಿಗೂ ಹಿಡಿಯಿರಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 2,000ದವರೆಗೆ ಒಪ್ಪುತ್ತಾರೆ. ಗಡಸುತನಕ್ಕೆ ಈ ಅಂಕಿಗಳು 200 ಮತ್ತು 600. ಟಿಡಿಎಸ್ ಮೀಟರು ಗಡಸುತನವನ್ನು ನೇರವಾಗಿ ತೋರಿಸುವುದಿಲ್ಲ, ಅದಕ್ಕೆ ನೀರಿಗೆ ಅದ್ದಿ ನೋಡುವ ಬೇರೆ ಕಾಗದದ ಪಟ್ಟಿ ಸಿಗುತ್ತದೆ. ಪಟ್ಟಿ ಇಲ್ಲದಿದ್ದರೆ ಶವರಿನ ತೂತುಗಳನ್ನೂ ಸ್ನಾನದ ಗಾಜಿನ ಅಡಿಭಾಗವನ್ನೂ ನೋಡಿ. ಹೊಸ ಮನೆಯಲ್ಲೇ ಬಿಳಿ ಕರೆ ಕಟ್ಟಿದ್ದರೆ ಗೀಸರಿನ ಒಳಗೂ ಅದೇ ಕಟ್ಟುತ್ತಿದೆ ಎಂದರ್ಥ. ಕಾಯಿಲಿನ ಮೇಲೆ ಸುಣ್ಣದ ಪದರ ಕೂತರೆ ನೀರು ಕಾಯುವುದು ನಿಧಾನ, ಕರೆಂಟು ಹೆಚ್ಚು, ಕೊನೆಗೆ ಕಾಯಿಲು ಸುಡುತ್ತದೆ.

‘ಸಾಫ್ಟ್‌ನರ್ ಇದೆ’ ಎಂದರೆ ಅಲ್ಲಿಗೇ ನಿಲ್ಲಬೇಡಿ. ಅದರೊಳಗಿನ ರೆಸಿನ್ ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದು ಸೋಡಿಯಂ ಬಿಡುತ್ತದೆ. ಹಿಡಿಯುವ ಶಕ್ತಿ ಮುಗಿದಾಗ ಉಪ್ಪುನೀರಿನಿಂದ ತೊಳೆದು ಮತ್ತೆ ಸಜ್ಜು ಮಾಡಬೇಕು. ಸಂಘದವರು ಉಪ್ಪಿನ ಚೀಲ ತರುವುದನ್ನು ನಿಲ್ಲಿಸಿದರೆ ಯಂತ್ರ ಇದ್ದೂ ಇಲ್ಲದಂತೆ. ಹಾಗಾಗಿ ಯಂತ್ರದ ಕೋಣೆಗೇ ಹೋಗಿ ಉಪ್ಪಿನ ದಾಸ್ತಾನು ಇದೆಯೇ ನೋಡಿ, ಒಳಹೋಗುವ ಮತ್ತು ಹೊರಬರುವ ನೀರಿಗೆ ಗಡಸುತನದ ಪಟ್ಟಿ ಅದ್ದಿ ಹೋಲಿಸಿ. ಸಾಫ್ಟ್‌ನರ್‌ನಿಂದ ಟಿಡಿಎಸ್ ಇಳಿಯುವುದಿಲ್ಲ, ಆದ್ದರಿಂದ ಕುಡಿಯುವ ನೀರಿನ ಮಾತೇ ಬೇರೆ.

ಮೇಲಿನ ಮಹಡಿಯವರಿಗೆ ಒತ್ತಡದ ತೊಂದರೆಯೂ ಇದೆ. ಹತ್ತು ಮೀಟರ್ ಎತ್ತರದಿಂದ ಇಳಿದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ಕೊನೆಯ ಮಹಡಿಯ ಶವರಿಗಿಂತ ಟ್ಯಾಂಕು ಮೂರು ಮೀಟರ್ ಮಾತ್ರ ಮೇಲಿದ್ದರೆ 0.3 ಬಾರ್ ಅಷ್ಟೇ. ತಲೆಯ ಮೇಲಿನ ಅಗಲ ಶವರು ಚೆನ್ನಾಗಿ ಸುರಿಯಲು ಒಂದು ಬಾರಿನ ಹತ್ತಿರ ಬೇಕು. ಪ್ರೆಷರ್ ಪಂಪ್ ಇಲ್ಲದಿದ್ದರೆ ಅದು ತೊಟ್ಟಿಕ್ಕುತ್ತದೆ. ಎರಡೂ ಬಚ್ಚಲಿನ ನಲ್ಲಿ ಒಟ್ಟಿಗೇ ತಿರುಗಿಸಿ 10 ಲೀಟರ್ ಬಕೆಟ್ ಇಡಿ. ಒಂದು ನಿಮಿಷದ ಸುತ್ತಮುತ್ತ ತುಂಬಿದರೆ ಸರಿ, ಎರಡು ನಿಮಿಷ ದಾಟಿದರೆ ದಿನಾ ಬೆಳಗ್ಗೆ ಮಕ್ಕಳನ್ನು ಸ್ಕೂಲಿಗೆ ಹೊರಡಿಸುವ ಹೊತ್ತಿನಲ್ಲಿ ಜಗಳ ಖಂಡಿತ.

ಎರಡನೆಯದು ಬಿಸಿಲು. ಇದರಲ್ಲಿ ನಿಮ್ಮ ಮೊದಲ ಮನೆಗೆ ನಿಜವಾದ ಕೊರತೆ ಇದೆ. ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಮೊದಲ ದಿನಗಳಲ್ಲಿ ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಉಷ್ಣಾಂಶ 40 ಡಿಗ್ರಿ ದಾಟುವ ಕಾಲವೂ ಅದೇ. ಆಗ ದಕ್ಷಿಣದ ಗೋಡೆಗೆ ಹೆಚ್ಚೇನೂ ತಾಗುವುದಿಲ್ಲ, ಎರಡಡಿ ಸಜ್ಜಾ ಇದ್ದರೆ ಸಾಕು. ಪೆಟ್ಟು ಬೀಳುವುದು ಮಾಳಿಗೆಗೆ, ಆಮೇಲೆ ಪಶ್ಚಿಮದ ಗೋಡೆಗೆ. ಸಂಜೆಯ ಬಿಸಿಲು ಓರೆಯಾಗಿ ಒಳಗೇ ನುಗ್ಗುವುದರಿಂದ ಸಜ್ಜಾ ಅದನ್ನು ತಡೆಯಲಾರದು. ನೀವು ನೋಡಿದ ಮನೆ ಕೊನೆಯ ಮಹಡಿ, ಜೊತೆಗೆ ಪಶ್ಚಿಮದ ದೊಡ್ಡ ಬಾಲ್ಕನಿ. ಎರಡು ಪೆಟ್ಟೂ ಅದಕ್ಕೇ.

ಕಾಂಕ್ರೀಟ್ ಛಾವಣಿ ಹಗಲಿಡೀ ಶಾಖ ಹೀರಿ ರಾತ್ರಿ ಒಳಕ್ಕೆ ಬಿಡುತ್ತದೆ. ಆದ್ದರಿಂದ ಮನೆಯನ್ನು ಬೆಳಗ್ಗೆ ಹತ್ತಕ್ಕೆ ನೋಡಿ ಒಪ್ಪಿಕೊಳ್ಳಬೇಡಿ. ಮಧ್ಯಾಹ್ನ ಮೂರಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ ಹೋಗಿ. ಎಸಿ ಹಾಕದೆ ಹದಿನೈದು ನಿಮಿಷ ಕೂತು, ಮಲಗುವ ಕೋಣೆಯ ಪಶ್ಚಿಮದ ಗೋಡೆಗೆ ಅಂಗೈ ಇಡಿ. ಮಾಳಿಗೆ ಹತ್ತಿ ನೋಡಿ: ಬಿಳಿ ಹೆಂಚಿನ ಚೂರು ಹಾಸಿದ್ದಾರೋ, ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ ಬಳಿದಿದ್ದಾರೋ, ಬರೀ ಸಿಮೆಂಟ್ ಗಿಲಾವೋ? ಬಿಳಿ ಬಣ್ಣಕ್ಕೂ ನಮ್ಮ ಧೂಳು ಕೂತು ಗುಣ ಇಳಿಯುತ್ತದೆ, ವರ್ಷಕ್ಕೊಮ್ಮೆಯಾದರೂ ತೊಳೆಯಬೇಕು. ಗೋಡೆ ಎಎಸಿ ಬ್ಲಾಕಿನದಾಗಿದ್ದರೆ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಬ್ಲಾಕು) ಗಟ್ಟಿ ಕಾಂಕ್ರೀಟ್ ಬ್ಲಾಕಿಗಿಂತ ಶಾಖ ನಿಧಾನವಾಗಿ ಒಳಬರುತ್ತದೆ. ಹೊರಗೋಡೆ ಎಂಟು ಇಂಚು ಇದ್ದರೆ ಒಳ್ಳೆಯದು. ಕಿಟಕಿಯ ಚೌಕಟ್ಟಿನ ಬಳಿ ಟೇಪು ಹಿಡಿದರೆ ಗೊತ್ತಾಗುತ್ತದೆ.

ಎಸಿ ಇರುವುದರಿಂದ ಇದೆಲ್ಲ ಬೇಡ ಎನ್ನಬಹುದು. ಆದರೆ ಎಸಿಯ ಒಂದು ಟನ್, ಒಂದೂವರೆ ಟನ್ ಎಂಬ ಅಳತೆ ಹೊರಗೆ 35 ಡಿಗ್ರಿ ಇದ್ದಾಗಿನದು. 42ರಲ್ಲಿ ಅದು ಕಡಿಮೆ ತಣಿಸುತ್ತದೆ, ಹೆಚ್ಚು ಕರೆಂಟು ಎಳೆಯುತ್ತದೆ. ನಡುವಿನ ಮಹಡಿಯ 12×12 ಅಡಿ ಕೋಣೆಗೆ ಒಂದು ಟನ್ ಸಾಕಾದರೆ, ಮಾಳಿಗೆಯ ಕೆಳಗಿನ ಪಶ್ಚಿಮದ ಕೋಣೆಗೆ ಒಂದೂವರೆ ಬೇಕು. ಹೊರಗಿನ ಯಂತ್ರ ಎಲ್ಲಿದೆ ಎಂದೂ ನೋಡಿ. ಅಂದ ಕೆಡಬಾರದೆಂದು ಕಿರಿದಾದ ಡಕ್ಟಿನಲ್ಲಿ ನಾಲ್ಕೈದು ಮನೆಗಳ ಯಂತ್ರಗಳನ್ನು ಎದುರುಬದುರು ಕೂಡಿಸಿರುತ್ತಾರೆ. ಒಂದು ಉಗುಳಿದ ಬಿಸಿಗಾಳಿಯನ್ನೇ ಇನ್ನೊಂದು ಎಳೆದುಕೊಳ್ಳುತ್ತದೆ, ಎಲ್ಲರಿಗೂ ಎಸಿ ಬೇಕಾದ ಹೊತ್ತಿನಲ್ಲೇ ಎಲ್ಲವೂ ಸೋಲುತ್ತವೆ. ಗೋಡೆಯೊಳಗೆ ಹುದುಗಿಸಿದ ನೀರಿಳಿಯುವ ಪೈಪಿಗೆ ಇಳಿಜಾರು ಸಾಲದಿದ್ದರೆ ಫಾಲ್ಸ್ ಸೀಲಿಂಗಿನಲ್ಲಿ ಹಳದಿ ಕಲೆ ಕಾಣುತ್ತದೆ. ಹೊಸ ಬಣ್ಣ ಬಳಿದ ತೇಪೆ ಎಲ್ಲಾದರೂ ಕಂಡರೆ ಕಾರಣ ಕೇಳಿ.

ಫಾಲ್ಸ್ ಸೀಲಿಂಗ್ ಬಗ್ಗೆ ಇನ್ನೊಂದು ಮಾತು. ಮಹಡಿಯಿಂದ ಮಹಡಿಗೆ ಹತ್ತಡಿ ಇದ್ದರೆ, ಸ್ಲ್ಯಾಬು ಮತ್ತು ನೆಲಹಾಸು ಕಳೆದು ಒಂಬತ್ತಡಿ ನಾಲ್ಕಿಂಚು ಉಳಿಯುತ್ತದೆ. ಅದರಲ್ಲಿ ಒಂಬತ್ತು ಇಂಚು ಇಳಿಸಿದರೆ ಎಂಟಡಿ ಏಳಿಂಚು. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ 2.75 ಮೀಟರ್, ಅಂದರೆ ಒಂಬತ್ತಡಿ ಎತ್ತರ ಕೇಳುತ್ತದೆ. ಎಸಿ ಕೋಣೆಗೆ ಮಾತ್ರ 2.4 ಮೀಟರಿಗೆ ಒಪ್ಪುತ್ತದೆ. ಕರೆಂಟು ಹೋದಾಗ ನೀವು ನೆಚ್ಚಿಕೊಳ್ಳುವುದು ಫ್ಯಾನನ್ನು, ಸೂರು ತಗ್ಗಿದಷ್ಟೂ ಸೆಕೆ ಹೆಚ್ಚು.

ಕರೆಂಟಿನ ವಿಚಾರದಲ್ಲಿ ‘ನೂರಕ್ಕೆ ನೂರು ಬ್ಯಾಕಪ್’ ಎಂಬ ಮಾತಿಗೆ ಬೆಲೆ ಕೊಡಬೇಡಿ, ಜನರೇಟರಿನ ಮೇಲಿನ ತಗಡು ಓದಿ. 40 ಕೆವಿಎ ಎಂದು ಬರೆದಿದ್ದರೆ ಅದರಿಂದ ಸಿಗುವುದು ಸುಮಾರು 32 ಕಿಲೋವ್ಯಾಟ್. ಲಿಫ್ಟಿಗೆ ಆರು, ಮೋಟರುಗಳಿಗೆ ನಾಲ್ಕು, ಮೆಟ್ಟಿಲಿನ ದೀಪ ಇತ್ಯಾದಿಗೆ ಎರಡು ತೆಗೆದರೆ ಉಳಿಯುವುದು ಇಪ್ಪತ್ತು. ಇಪ್ಪತ್ತು ಮನೆಗೆ ಹಂಚಿದರೆ ಮನೆಗೆ ಒಂದು ಕಿಲೋವ್ಯಾಟ್. ನಾಲ್ಕು ಫ್ಯಾನಿಗೆ 300 ವ್ಯಾಟ್, ದೀಪಗಳಿಗೆ 100, ಫ್ರಿಜ್ಜಿಗೆ 200, ಟಿವಿಗೆ 100, ಒಟ್ಟು 700 ಆಯಿತು. ಒಂದೂವರೆ ಟನ್ನಿನ ಎಸಿಗೆ ಒಂದೂವರೆ ಕಿಲೋವ್ಯಾಟ್ ಬೇಕು, ಹಾಕಿದೊಡನೆ ಬ್ರೇಕರ್ ಬೀಳುತ್ತದೆ. ಮನೆಗೆ ಮೂರು ಕಿಲೋವ್ಯಾಟ್ ಕೊಡುವ ಕಟ್ಟಡ ಇದ್ದರೆ, ಅದಕ್ಕೆ ಹೆಚ್ಚು ಬಾಡಿಗೆ ಕೊಡುವುದು ನ್ಯಾಯವೇ. ಪರೀಕ್ಷೆ ಸುಲಭ: ಮುಖ್ಯ ಸರಬರಾಜು ತೆಗೆಸಿ, ಮಲಗುವ ಕೋಣೆಯ ಎಸಿ ಚಾಲೂ ಮಾಡಿ ಹತ್ತು ನಿಮಿಷ ನೋಡಿ. ಡೀಸೆಲ್ ಖರ್ಚಿಗೆ ಬೇರೆ ಮೀಟರು ಇದೆಯೋ, ಎಲ್ಲರಿಗೂ ಸಮ ಹಂಚುತ್ತಾರೋ ಕೇಳಿ.

ಹಾಗೆಯೇ ಜೆಸ್ಕಾಂ ಬಿಲ್ ತರಿಸಿ ಮಂಜೂರಾದ ಲೋಡು ನೋಡಿ. ಎರಡು ಎಸಿ, ಒಂದು ಗೀಸರ್, ಇಂಡಕ್ಷನ್ ಒಲೆ ಸೇರಿದರೆ ಏಳು ಕಿಲೋವ್ಯಾಟ್ ಆಗುತ್ತದೆ. ಬಿಲ್ಲಿನಲ್ಲಿ ಮೂರು ಎಂದಿದ್ದರೆ, ಲೋಡು ಏರಿಸಿಕೊಡುವ ಖರ್ಚು ಮಾಲೀಕರದು ಎಂದು ಮೊದಲೇ ಮಾತಾಡಿ. ಮೀಟರ್ ಬೋರ್ಡಿನಲ್ಲಿ ಕರೆಂಟು ಸೋರಿದೊಡನೆ ಸರಬರಾಜು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇದೆಯೇ ನೋಡಿ, ಅದರ ಪರೀಕ್ಷೆಯ ಗುಂಡಿ ಒತ್ತಿ. ಕರೆಂಟು ಕಡಿತವಾಗಲೇಬೇಕು. ಆಗದಿದ್ದರೆ ಅದನ್ನು ಬದಲಿಸುವವರೆಗೆ ಮನೆಗೆ ಕಾಲಿಡಬೇಡಿ.

ನಿಮ್ಮ ಅತ್ತೆಯವರಿಗಾಗಿ ಲಿಫ್ಟನ್ನು ವಿಶೇಷವಾಗಿ ನೋಡಿ. ಒಬ್ಬರಿಗೆ 68 ಕಿಲೋ ಲೆಕ್ಕದಲ್ಲಿ ಆರು ಜನರ ಲಿಫ್ಟು 408 ಕಿಲೋದ್ದು. ಅದರಲ್ಲಿ ಸ್ಟ್ರೆಚರ್ ಹಿಡಿಯುವುದಿಲ್ಲ. ಕರೆಂಟು ಹೋದಾಗ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಎಆರ್‌ಡಿ ಇದೆಯೇ ಎಂದು ವಿದ್ಯುತ್ ತೆಗೆಸಿಯೇ ಪರೀಕ್ಷಿಸಿ. ಲಿಫ್ಟಿಗೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸು ಬೇಕು, ಅದರ ಅವಧಿ ನೋಡಿ. ಐದು ಮಹಡಿಗೆ ಒಂದೇ ಲಿಫ್ಟು ಇದ್ದರೆ ಅದು ಕೆಟ್ಟ ದಿನ ಅತ್ತೆಯವರು ಮನೆಯಲ್ಲೇ ಉಳಿಯಬೇಕು. ಎರಡು ಇದ್ದರೆ ನಿಜವಾದ ಅನುಕೂಲ.

ಧೂಳಿನ ಬಗ್ಗೆ ಧಾರವಾಡದವರಿಗೆ ಹೇಳಲೇಬೇಕು. ಎರೆಭೂಮಿಯ ಸಣ್ಣ ಮಣ್ಣು, ಅದಿರು ಲಾರಿಗಳು ಓಡುವ ರಸ್ತೆ, ಬೇಸಿಗೆಯ ಒಣಗಾಳಿ ಮೂರೂ ಸೇರಿ ಒಂದೇ ದಿನಕ್ಕೆ ಮೇಜಿನ ಮೇಲೆ ಪದರ ಕೂರುತ್ತದೆ. ಜಾರುಕಿಟಕಿಯಲ್ಲಿ ಸಂದು ಮುಚ್ಚುವುದು ಬ್ರಷ್ಷಿನಂಥ ಎಳೆ. ಬಾಗಿಲಿನಂತೆ ತೆರೆಯುವ ಕಿಟಕಿಯಲ್ಲಿ ರಬ್ಬರ್ ಪಟ್ಟಿ ಒತ್ತಿ ಕೂರುತ್ತದೆ. ಧೂಳಿಗೂ ಸದ್ದಿಗೂ ಎರಡನೆಯದೇ ಮೇಲು. ಗಾಳಿ ಇರುವ ಹೊತ್ತು ಕಿಟಕಿ ಮುಚ್ಚಿ ಚೌಕಟ್ಟಿನ ಸುತ್ತ ಊದಿನಕಡ್ಡಿ ಆಡಿಸಿ, ಹೊಗೆ ಅಲುಗಿದ ಕಡೆ ಸಂದು ಇದೆ. ಇಷ್ಟು ಮಾಡಿದರೂ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಎಸಿ ಜಾಲರಿ ತೊಳೆಯುವುದು ತಪ್ಪಿದ್ದಲ್ಲ.

ಅಳತೆಗೆ ಬರೋಣ. 1,850 ಚದರಡಿ ಎಂಬುದು ಸಾಮಾನ್ಯವಾಗಿ ಸೂಪರ್ ಬಿಲ್ಟ್‌ಅಪ್. ಲಿಫ್ಟು, ಮೆಟ್ಟಿಲು, ಜಿಮ್ಮಿನ ಪಾಲೂ ಅದರಲ್ಲಿ ಸೇರಿರುತ್ತದೆ. ಕಾರ್ಪೆಟ್ ಏರಿಯಾ ಎಂದರೆ ಮನೆಯೊಳಗಿನ ಬಳಸುವ ಜಾಗ: ಒಳಗೋಡೆಗಳು ಸೇರುತ್ತವೆ, ಹೊರಗೋಡೆ, ಡಕ್ಟು, ಬಾಲ್ಕನಿ ಸೇರುವುದಿಲ್ಲ. ನೂರಕ್ಕೆ 70ರಿಂದ 75 ಸಿಕ್ಕರೆ ಕೈಗೆ ಬರುವುದು 1,295ರಿಂದ 1,390 ಚದರಡಿ. ಹಳೆಯ ಸಣ್ಣ ಕಟ್ಟಡಗಳಲ್ಲಿ ಹಂಚಿಕೆಯ ಜಾಗ ಕಡಿಮೆ. 1,450ರಲ್ಲಿ ನೂರಕ್ಕೆ 80 ಸಿಕ್ಕರೆ 1,160. ಕಾಗದದ ಮೇಲೆ 400 ಚದರಡಿ ಇದ್ದ ವ್ಯತ್ಯಾಸ ಒಳಗೆ 135ರಿಂದ 230ಕ್ಕೆ ಇಳಿಯಿತು. ಟೇಪು ಹಿಡಿದು ನೀವೇ ಅಳೆಯಿರಿ.

ಇಟಾಲಿಯನ್ ಮಾರ್ಬಲ್ ಬಾಡಿಗೆದಾರರಿಗೆ ಲಾಭಕ್ಕಿಂತ ಭಾರ. ಹುಳಿ ತಾಗಿದರೆ ಅದರ ಹೊಳಪು ಸುಟ್ಟಂತಾಗುತ್ತದೆ. ನಿಂಬೆರಸ, ಹುಣಸೆ ಸಾರು, ಬಚ್ಚಲು ತೊಳೆಯುವ ಆಸಿಡ್, ಯಾವುದಾದರೂ ಸಾಕು. ಗಡಸು ನೀರಿನಿಂದ ಒರೆಸಿದರೆ ಮಂಕಾಗುತ್ತದೆ. ಮನೆ ಬಿಡುವಾಗ ಪಾಲಿಶ್ ಖರ್ಚು ಮುಂಗಡದಲ್ಲಿ ಕಡಿಯುತ್ತಾರೆ. ಜಿಮ್ಮಿನಲ್ಲಿ ನಿಜವಾಗಿ ನಡೆಯುವ ಯಂತ್ರ ಎಷ್ಟಿವೆ ಎಂದು ಎಣಿಸಿ, ಅಷ್ಟಕ್ಕೆ ಮಾತ್ರ ಬೆಲೆ ಕಟ್ಟಿ. ಮಾಡ್ಯುಲರ್ ಅಡುಗೆಮನೆಯಲ್ಲಿ ಸಿಂಕಿನ ಕೆಳಗಿನ ಹಲಗೆ ಒತ್ತಿ ನೋಡಿ. ನೀರು ಕುಡಿದು ಉಬ್ಬಿದ್ದರೆ ಒಳಗೆ ಬಳಸಿದ್ದು ಅಗ್ಗದ ಪಾರ್ಟಿಕಲ್ ಬೋರ್ಡು. ಪಾರ್ಕಿಂಗಿನಲ್ಲಿ ಕಂಬಗಳ ನಡುವೆ ನಿಮ್ಮ ಕಾರಿನ ಬಾಗಿಲು ತೆರೆಯುತ್ತದೆಯೇ ಎಂದು ಕಾರು ನಿಲ್ಲಿಸಿಯೇ ನೋಡಿ.

ಈಗ ನಿಮ್ಮ ಎರಡು ಮನೆ. ವ್ಯತ್ಯಾಸ ತಿಂಗಳಿಗೆ 14,000, ವರ್ಷಕ್ಕೆ 1,68,000. ಎರಡು ಎಸಿ, ಬ್ಯಾಟರಿ ಸಹಿತ ಇನ್ವರ್ಟರು, ಕುಡಿಯುವ ನೀರಿನ ಆರ್‌ಒ ಇಷ್ಟೂ ಆ ದುಡ್ಡಿನೊಳಗೇ ಬರುತ್ತವೆ, ಆಮೇಲೂ ನಿಮ್ಮವೇ ಆಗಿರುತ್ತವೆ. ಆದ್ದರಿಂದ ಬರೀ ಒಳಗಿನ ಸಾಮಾನಿಗಾಗಿ ಮೊದಲ ಮನೆ ಹಿಡಿಯಬೇಡಿ. ಆದರೆ ಎರಡನೆಯ ಮನೆಗೆ ಲಿಫ್ಟು ಇಲ್ಲ. ಮೊಣಕಾಲು ನೋವಿನವರಿಗೆ ಎರಡು ಮಹಡಿ ದಿನಾ ಹತ್ತಿಳಿಯುವುದು ಶಿಕ್ಷೆ, ಅದನ್ನು ಯಾವ ದುಡ್ಡಿನಿಂದಲೂ ಸರಿಪಡಿಸಲಾಗದು. ಹೊಸಪೇಟೆ ರಸ್ತೆ ಕಡೆಯಾದರೆ ಯಜಮಾನರು ಊರು ದಾಟದೆ ತೋರಣಗಲ್ಲಿನ ದಾರಿ ಹಿಡಿಯಬಹುದು, ಅದೂ ಮೊದಲನೆಯದರ ಕಡೆಗೇ ತೂಗುತ್ತದೆ. ನನ್ನ ಸಲಹೆ: ನೀರು, ಜನರೇಟರು, ಲಿಫ್ಟು ಮೇಲಿನ ಪರೀಕ್ಷೆಯಲ್ಲಿ ಗೆದ್ದರೆ ಅದೇ ಕಟ್ಟಡದಲ್ಲಿ ಎರಡು ಅಥವಾ ಮೂರನೆಯ ಮಹಡಿಯ, ಮಲಗುವ ಕೋಣೆಗಳು ಪೂರ್ವಕ್ಕೋ ಉತ್ತರಕ್ಕೋ ಇರುವ ಫ್ಲ್ಯಾಟ್ ಕೇಳಿ, ಮಾರ್ಬಲ್ ಇಲ್ಲದಿದ್ದರೂ ಸರಿ. ಐದನೆಯದೇ ಖಾಲಿ ಇದೆ ಎಂದರೆ, ಮಾಳಿಗೆಗೆ ಬಿಳಿ ಲೇಪನ, ಪಶ್ಚಿಮದ ಬಾಲ್ಕನಿಗೆ ಹೊರಗಿನಿಂದ ಬಿದಿರಿನ ಪರದೆ, ಶವರಿಗೆ ಪ್ರೆಷರ್ ಪಂಪ್ ಮಾಲೀಕರೇ ಹಾಕಿಸಿಕೊಡಬೇಕು, ಬಾಡಿಗೆಯೂ ಇಳಿಯಬೇಕು. ಪರದೆ ಗಾಜಿನ ಹೊರಗಿದ್ದರೇ ಶಾಖವನ್ನು ಚೆನ್ನಾಗಿ ತಡೆಯುತ್ತದೆ. ಒಳಗಿನ ಕರ್ಟನ್ನಿನವರೆಗೆ ಬಂದ ಬಿಸಿಲು ಆಗಲೇ ಮನೆಯೊಳಗಿದೆ.

ಕರಾರು ಪತ್ರವನ್ನು ಹಗುರವಾಗಿ ಕಾಣಬೇಡಿ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಇಷ್ಟು ದೊಡ್ಡ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಅದರ ಮಿತಿ ತಿಂಗಳಿಗೆ ಕೆಲವೇ ಸಾವಿರ. ನಿಮಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ನೀವು ಸಹಿ ಮಾಡುವ ಕಾಗದ. ಕಾಗದದಲ್ಲಿ ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಯ ಮನೆಯನ್ನು 15 ದಿನಗಳ ನೋಟಿಸಿನಲ್ಲಿ ಬಿಡಿಸಬಹುದು. ಆದ್ದರಿಂದ ಎರಡೂ ಕಡೆಗೆ ಎರಡು ತಿಂಗಳ ನೋಟಿಸು ಎಂದು ಬರೆಸಿ. ಹನ್ನೊಂದು ತಿಂಗಳ ಕರಾರು ರೂಢಿ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಎಸಿ ಸರ್ವಿಸ್ ಯಾರದು, ಗ್ಯಾಸ್ ತುಂಬಿಸುವುದು ಯಾರದು, ಜನರೇಟರು ಅಥವಾ ಲಿಫ್ಟು ಏಳು ದಿನಕ್ಕಿಂತ ಹೆಚ್ಚು ಕೆಟ್ಟು ನಿಂತರೆ ಬಾಡಿಗೆಯಲ್ಲಿ ಎಷ್ಟು ಕಡಿತ, ಮುಂಗಡ ಎಷ್ಟು ದಿನದಲ್ಲಿ ವಾಪಸು, ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಎಲ್ಲವೂ ಅಂಕಿಯಲ್ಲಿರಲಿ. ಮಾರ್ಬಲ್ ಮನೆಯೇ ಆದರೆ ‘ಸಹಜ ಬಳಕೆಯ ಮಂಕು ಮತ್ತು ನೀರಿನ ಕಲೆ ಬಾಡಿಗೆದಾರರ ಹೊಣೆಯಲ್ಲ’ ಎಂಬ ಸಾಲು ಸೇರಿಸಿ. ಕೀಲಿ ಪಡೆಯುವ ದಿನ ಪ್ರತಿ ಕೋಣೆಯ ವೀಡಿಯೊ ತೆಗೆದು ಮಾಲೀಕರಿಗೆ ಅಂದೇ ವಾಟ್ಸ್ಆ್ಯಪ್ ಮಾಡಿ, ನೀರು ಮತ್ತು ಕರೆಂಟಿನ ಮೀಟರಿನ ಅಂಕಿ ಅದರಲ್ಲಿ ಕಾಣಬೇಕು. ವರ್ಷದ ಬಾಡಿಗೆ ಒಂದು ಲಕ್ಷ ಮೀರುವುದರಿಂದ ಮನೆ ಬಾಡಿಗೆ ಭತ್ಯೆಯ (ಎಚ್‌ಆರ್‌ಎ) ತೆರಿಗೆ ವಿನಾಯಿತಿ ಪಡೆಯುವವರು ಕಚೇರಿಗೆ ಮಾಲೀಕರ ಪ್ಯಾನ್ ಕೊಡಬೇಕಾಗುತ್ತದೆ. ಅದನ್ನು ಮುಂಗಡ ಕೊಡುವ ಮೊದಲೇ ಕೇಳಿ ಪಡೆಯಿರಿ.